ಎಸಿಗೊಂದು ಕೋಟು

ಮನೆಯಂತಿದ್ದ ಪ್ರವಾಸದ ವ್ಯಾನಿನ ಚಾವಣಿಯ ಎಸಿ ಹತ್ತು ನಿಮಿಷಕ್ಕೊಮ್ಮೆ ಕಾದು ಕೆಂಡವಾಗಿ ನಿಲ್ಲುತ್ತಿತ್ತು.

"ಈ ಬಾಣಲೆಯಲ್ಲಿ ನಾನು ಕೂರಲ್ಲ, ನಾಳೆ ನೀವೇ ಹೋಗಿ," ಎಂದು ಅತ್ತೆ ಮುಖ ಊದಿಸಿದರು.

ಸೊಸೆ ಏಣಿ ಹತ್ತಿ ನೋಡಿದಳು. ಎಸಿ ಬಿಸಿಲಿಗೆ ಕಂದದಿರಲೆಂದು ಟೈಲರ್ ಮಾವ ಅದಕ್ಕೆ ದಪ್ಪ ಕ್ಯಾನ್ವಾಸಿನ ಕೋಟು ಹೊಲಿದು, ಗುಂಡಿ ಹಾಕಿ ತೊಡಿಸಿದ್ದರು. ಬಿಸಿಗಾಳಿ ಹೊರಬರಲು ಒಂದು ಸಂದೂ ಇರಲಿಲ್ಲ. ತಪ್ಪು ತೋರಿಸಿದರೆ ಮಾವನೂ ಮುನಿಸಿಕೊಂಡು ಪ್ರವಾಸ ನಿಂತೇಹೋಗುತ್ತಿತ್ತು.

"ಮಾವ, ಕೋಟು ಚೆನ್ನಾಗಿದೆ. ಭುಜದ ಹತ್ರ ಸ್ವಲ್ಪ ಸಡಿಲ ಅನ್ಸತ್ತೆ."

"ನನ್ನ ಹೊಲಿಗೆ ಸಡಿಲವಾ? ಬಿಚ್ಚಿ ಕೊಡು ಇಲ್ಲಿ."

ಮಾವ ಹೊಲಿಗೆ ಬಿಚ್ಚುವಷ್ಟರಲ್ಲಿ ವ್ಯಾನು ತಣ್ಣಗಾಗಿ, ಅತ್ತೆ ಒಳಗೆ ಹೊದ್ದು ಮಲಗಿದ್ದರು.

ಸಂಜೆ ಮಾವ ಕೋಟು ತಂದು ಹಿಡಿದರು. ಸೊಸೆ ತಲೆ ಓರೆ ಮಾಡಿ ನೋಡಿದಳು.

"ಈಗ ಸೊಂಟದ ಹತ್ರ ಬಿಗಿಯಾಯ್ತಲ್ಲ ಮಾವ. ದಾರೀಲಿ ಬಿಚ್ಚಿ ಹೊಲೀರಂತೆ, ಮಷೀನು ವ್ಯಾನಿಗೆ ಹಾಕಿದೀನಿ."