ಅಪ್ಪ ಹೋದ ಮೇಲೆ ಹುಟ್ಟಿದವರು

೧
ಎಲ್ಲಿಂದ ಶುರು ಮಾಡಲಿ? ಹಾಲೆಂಡಿನಿಂದ ಎಂದರೆ ನೀವು ಪುಟ ತಿರುವುತ್ತೀರಿ. ದೇವನಹಳ್ಳಿಯಿಂದ ಎಂದರೆ ಡಚ್ಚರ ಸರ್‌ನೇಮು ಇಲ್ಲಿಗೆ ಹೇಗೆ ಬಂತು ಎಂದು ಕೇಳುತ್ತೀರಿ. ಯುದ್ಧದಿಂದ ಬಂತು. ಜಪಾನಿನವರು ಜಾವಾ ಹಿಡಿದಾಗ ಅಲ್ಲಿಂದ ತಪ್ಪಿಸಿಕೊಂಡ ಡಚ್ ಹೆಂಗಸೊಬ್ಬಳು ೧೯೪೩ರಲ್ಲಿ ದೇವನಹಳ್ಳಿಯ ಹೊರಗೊಂದು ಬಂಗಲೆಯಲ್ಲಿದ್ದಳು. ಹೆಸರು ನಾಕ್ಟ್‌ಖೆಬೋರನ್. ಅಡುಗೆಯ ಕದಿರಮ್ಮನ ನಾಲಿಗೆಗೆ ಅದು ಹೊರಳದೆ 'ನಾಕಮ್ಮ' ಆಯಿತು.

೨
(ಮೊದಲ ಡ್ರಾಫ್ಟಿನಲ್ಲಿ ಬಂಗಲೆಯ ಹೂದೋಟದ ವರ್ಣನೆ ಇತ್ತು. ಹರಿದು ಹಾಕಿದೆ. ಕದಿರಮ್ಮನ ಮೈ ಉರಿಯುತ್ತಿರುವಾಗ ಗುಲಾಬಿ ಯಾರಿಗೆ ಬೇಕು?)

ಹಿಂದಿನ ದಿನ ದೊಡ್ಡಬೆಳವಂಗಲದ ಹನುಮಂತರಾಯಪ್ಪ ತಮ್ಮ ಮಗನನ್ನೂ ಕರೆದುಕೊಂಡು, ಅವನಿಗೆಂದು ಕದಿರಮ್ಮನ ಮಗಳು ಅನುಸೂಯಳನ್ನು ನೋಡಲು ಬಂದಿದ್ದರು. ಹುಡುಗಿ ಒಪ್ಪಿಗೆಯಾದಳು. ಮಾತಿನ ನಡುವೆ, ಅವಳು ಹುಟ್ಟುವ ಮೊದಲೇ ಅವಳಪ್ಪ ಪ್ಲೇಗಿನಲ್ಲಿ ತೀರಿಕೊಂಡದ್ದು ಯಾರ ಬಾಯಿಂದಲೋ ಹೊರಬಿತ್ತು. ಹನುಮಂತರಾಯಪ್ಪ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು.

"ಅಪ್ಪನ್ನ ನುಂಗ್ಕೊಂಡು ಹುಟ್ಟಿದ ಮಗೀನ ಮನೆ ತುಂಬಿಸ್ಕೊಳ್ಳೋಕಾಗಲ್ಲ ಕಣಮ್ಮ," ಎಂದು ಎದ್ದು ಹೋದರು.

೩
ಮಾರನೆಯ ಮಧ್ಯಾಹ್ನ ಬಂಗಲೆಗೆ ಊಟಕ್ಕೆ ಬಂದ ಮಿಲಿಟರಿ ದೊರೆಗಳು ನಾಕಮ್ಮನ ಹೆಸರು ಹಿಡಿದುಕೊಂಡು ನಕ್ಕರು. ಬಡಿಸುತ್ತಿದ್ದ ಬಟ್ಲರ್ ನಜೀಬುಲ್ಲಾ ಅಡುಗೆಮನೆಗೆ ಬಂದು ಎಲ್ಲ ಹೇಳಿದ. ಆ ಹೆಸರಿಗೆ 'ಬತ್ತಲೆ ಹುಟ್ಟಿದವನು' ಎಂದು ಅರ್ಥವಂತೆ. ನೆಪೋಲಿಯನ್ ಹಾಲೆಂಡನ್ನು ಆಳುತ್ತಿದ್ದ ಕಾಲದಲ್ಲಿ ಪ್ರತಿಯೊಬ್ಬರೂ ಸರ್‌ನೇಮು ಬರೆಸಬೇಕೆಂದು ಹುಕುಂ ಆದಾಗ ಡಚ್ಚರು ತಮಾಷೆಗೆ ಇಂಥವನ್ನು ಬರೆಸಿದರು ಎಂದು ಒಬ್ಬ ದೊರೆ ಹೇಳಿದನಂತೆ. ನಾಕಮ್ಮ ನಗಲಿಲ್ಲವಂತೆ. ಹೆಸರು ಅದಕ್ಕಿಂತ ಹಳೆಯದು, ಮೂಲದಲ್ಲಿ ಅದು 'ಆಮೇಲೆ ಹುಟ್ಟಿದವನು', ಅಂದರೆ ಅಪ್ಪ ಸತ್ತ ಮೇಲೆ ಹುಟ್ಟಿದ ಕೂಸು; ಜನರ ಬಾಯಲ್ಲಿ ಸವೆದು ಸವೆದು ಬತ್ತಲೆಯಾಯಿತು ಎಂದಳಂತೆ.

ಒಲೆಯ ಮುಂದಿದ್ದ ಕದಿರಮ್ಮ ತಿರುಗಿದಳು. "ಆ ಹೆಸರ್ನ ಮುಚ್ಚಿಡಲ್ವಾ ಅವರು?"

"ಪೆಟ್ಟಿಗೆ ಮೇಲೆ ದೊಡ್ದಾಗಿ ಬರ್ಸವ್ರೆ, ನೋಡಿಲ್ವಾ ಕದಿರಮ್ಮ," ಎಂದ ನಜೀಬುಲ್ಲಾ.

೪
ಇಲ್ಲಿ ಕದಿರಮ್ಮನಿಗೆ ಸಮಾಧಾನವಾಯಿತು ಎಂದು ಬರೆದಿದ್ದೆ. ಅವಳು ಒಪ್ಪಲಿಲ್ಲ. ಸಮಾಧಾನ ಆಗಿರುವುದು ನಿನಗೆ, ನನಗಲ್ಲ ಎಂದು ಜಗಳಕ್ಕೇ ನಿಂತಳು. ಸಾಲು ಹೊಡೆದು ಹಾಕಿದೆ. ಅವಳಿಗೆ ಬಂದದ್ದು ಇನ್ನಷ್ಟು ಸಿಟ್ಟು. ಅದೇ ಥರದ ಸಾವು, ಅದೇ ಥರದ ಹುಟ್ಟು; ಅಲ್ಲಿ ಅದು ಮನೆತನದ ಹೆಸರು, ಇಲ್ಲಿ ಬೈಗುಳ. ಇಷ್ಟು ವರ್ಷ ಮಗಳನ್ನು ಮದುವೆಮನೆಗಳಲ್ಲಿ ಹಿಂದಿನ ಮೂಲೆಗೆ ಕೂರಿಸಿದ್ದು, ಕೂರಿಸಿದವಳು ತಾನೇ ಎಂಬುದು ನೆನಪಾದಾಗ ಅವಳಿಗೆ ತನ್ನ ಮೇಲೂ ರೇಗಿತು.

೫
ವಾರದೊಳಗೆ ಹನುಮಂತರಾಯಪ್ಪ ಮತ್ತೆ ಕದಿರಮ್ಮನ ಮನೆಗೆ ಬಂದರು. ಈ ಹುಡುಗಿಯೇ ಬೇಕೆಂದು ಮಗ ಹಟ ಹಿಡಿದಿದ್ದನಂತೆ. ಅದಕ್ಕೊಂದು ದಾರಿಯನ್ನೂ ಹುಡುಕಿಕೊಂಡು ಬಂದಿದ್ದರು: ಮಗು ಹುಟ್ಟಿದ ಮೇಲೆ ಅಪ್ಪ ತೀರಿಕೊಂಡ ಎಂದು ನೆಂಟರ ಮುಂದೆ ಹೇಳಿಬಿಡುವುದು, ಅಷ್ಟೆ. ಕದಿರಮ್ಮ ಬಾಯಿ ತೆರೆಯುವಷ್ಟರಲ್ಲಿ ಅನುಸೂಯ ಹೊಸಿಲು ದಾಟಿ ಅಂಗಳಕ್ಕೆ ಬಂದಳು.

"ನಮ್ಮಪ್ಪನ್ನ ತಿಂದಿದ್ದು ಪ್ಲೇಗು, ಯಜಮಾನ್ರೇ. ಅದನ್ನ ನನ್ನ ತಲೆ ಮೇಲೆ ಹೊರಿಸಿದ್ರಿ. ಈಗ ಈ ಸುಳ್ಳನ್ನೂ ನಾನೇ ಹೊರಬೇಕಾ?"

ಹೆಣ್ಣುಮಗುವಿಗೆ ಇಷ್ಟು ಮಾತು ಆಗದು ಎಂದು ಅವರು ಗೊಣಗಿದರು.

"ನಾನು ಹುಟ್ಟೋಕ್ ಮುಂಚೆ ನಮ್ಮಪ್ಪ ಹೋದ. ಇದನ್ನ ಹಿಂಗೇ, ನಿಮ್ಮ ನೆಂಟರ ಮುಂದೆ, ನಿಮ್ಮ ಬಾಯಲ್ಲೇ ಹೇಳಿ. ಆಮೇಲೆ ಬನ್ನಿ."

ಮಗಳನ್ನು ತಡೆಯಲು ಎತ್ತಿದ್ದ ಕೈಯನ್ನು ಕದಿರಮ್ಮ ಅವಳ ಹೆಗಲ ಮೇಲಿಟ್ಟಳು.

೬
ಮುಕ್ತಾಯ ಒಂದು: ಅವರು ಹೇಳಿದರು, ಮದುವೆಯಾಯಿತು. ಎರಡು: ಹೇಳಲಿಲ್ಲ, ಆಗಲಿಲ್ಲ. ಇನ್ನೊಂದರಲ್ಲಿ ಹುಡುಗ ಅಪ್ಪನನ್ನು ಧಿಕ್ಕರಿಸಿ ಓಡಿಬರುತ್ತಾನೆ (ಸಿನಿಮಾದವರು ಬೇಕಾದರೆ ತೆಗೆದುಕೊಳ್ಳಲಿ). ನಿಮಗೆ ಯಾವುದು ಇಷ್ಟ ಎಂದು ಕೇಳಬೇಕೆಂದಿದ್ದೆ, ಕೇಳುವುದಿಲ್ಲ. ಹುಡುಗಿ ತಾನು ಹೇಳಬೇಕಾದ್ದನ್ನು ಹೇಳಿಯಾಯಿತು. ಇನ್ನು ಬಾಯಿ ಬಿಡಬೇಕಾದವರು ಹನುಮಂತರಾಯಪ್ಪ. ಅವರು ಇನ್ನೂ ಅಂಗಳದಲ್ಲೇ ನಿಂತಿದ್ದಾರೆ.

ನಿಂತಿರಲಿ.