ಮಣ್ಣಿನ ದಿನ ಸಿಕ್ಕ ಉಣುಗು

ಶವಪೆಟ್ಟಿಗೆಗೆ ಹೆಗಲು ಕೊಟ್ಟು ಚರ್ಚಿನ ಮೆಟ್ಟಿಲಿಳಿಯುವಾಗಲೂ ವಿಲ್ಫ್‌ನ ಮನಸ್ಸು ಕೋಟಿನ ಜೇಬಿನಲ್ಲೇ ಇತ್ತು. ಅಲ್ಲೊಂದು ಮಾತ್ರೆ ಡಬ್ಬಿ. ಅದರೊಳಗೆ, ಬೆಳಿಗ್ಗೆ ತನ್ನ ಹಸುವಿನ ತೊಡೆಸಂದಿಯಲ್ಲಿ ಸಿಕ್ಕ, ರಕ್ತ ಹೀರಿ ದನ ಕೊಲ್ಲುವ ಉಣುಗು. ಈ ಕಣಿವೆಯಲ್ಲಿ ಉಣುಗು ಕಾಣದೆ ವರ್ಷಗಳೇ ಆಗಿದ್ದವು. ಕಾಣದಂತೆ ಮಾಡಿದ ಕ್ಲೆಮ್ ಈಗ ಹೆಗಲ ಮೇಲಿದ್ದ.

"ಕ್ವೀನ್ಸ್‌ಲ್ಯಾಂಡ್ ಗಡಿ ದಾಟೋ ದನಾನೆಲ್ಲ ಔಷಧಿ ತೊಟ್ಟೀಲಿ ಮುಳುಗಿಸಿದವ," ಹಿಂದಿನಿಂದ ರೆಜ್ ಪಿಸುಗುಟ್ಟಿದ. "ಇವನನ್ನ ಮಾತ್ರ ಒಣಾ ಒಣಾ ಕಳಿಸ್ತಿದೀವಲ್ಲಪ್ಪಾ."

ಹೊತ್ತವರೆಲ್ಲ ಮೆಲ್ಲಗೆ ನಕ್ಕರು. ವಿಲ್ಫ್‌ಗೆ ನಗು ಬರಲಿಲ್ಲ.

*

ಕ್ಲೆಮ್ ಸರ್ಕಾರದ ಉಣುಗು ಇನ್ಸ್‌ಪೆಕ್ಟರ್ ಆಗಿದ್ದಾಗ ಒಮ್ಮೆ ವಿಲ್ಫ್‌ನ ಮಂದೆಯಲ್ಲೇ ಉಣುಗು ಹಿಡಿದಿದ್ದ.

"ಶುಕ್ರವಾರದ ಸಂತೆ ಮುಗೀಲಿ ಮಾರಾಯ, ಆಮೇಲೆ ಗೇಟಿಗೆ ಬೀಗ ಹಾಕು."

"ಸಂತೆಗೆ ಹೋದ್ರೆ ಅದು ನಿನ್ನ ಉಣುಗಲ್ಲ ವಿಲ್ಫ್, ಊರಿನ ಉಣುಗು."

ಅವತ್ತೇ ಬೀಗ ಬಿತ್ತು. ವಿಲ್ಫ್ ಬಹಳ ಕಾಲ ಅವನ ಜೊತೆ ಮಾತು ಬಿಟ್ಟಿದ್ದ. ಆದರೆ ಆಗ ಔಷಧಿ, ಆಳು, ತೊಟ್ಟಿ ಎಲ್ಲ ಸರ್ಕಾರದ್ದು. ಈಗ ಸರ್ಕಾರ ಕೈ ತೊಳೆದುಕೊಂಡಿದೆ. ಉಣುಗು ಸಿಕ್ಕಿತೆಂದು ಹೇಳಿದವನೇ ಖರ್ಚು ಹೊರಬೇಕು, ಜೊತೆಗೆ ಅಕ್ಕಪಕ್ಕದವರ ಮಾರಾಟವೂ ನಿಲ್ಲುತ್ತದೆ. ಹಾಗಾಗಿ ಬೇರೆ ಕಣಿವೆಗಳಲ್ಲಿ ಕಂಡರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕೆ ಜಾಣತನ ಅನ್ನುತ್ತಾರೆ, ಹಾಳು ಜಾಣತನ.

ವಿಲ್ಫ್‌ನ ಬೇಲಿಗೆ ಹೊಂದಿಕೊಂಡೇ ಇರುವುದು ಕ್ಲೆಮ್‌ನ ಜಮೀನು. ಅವನ ಹೆಂಡತಿ ಐಲ್ಸಾ ಮಣ್ಣು ಮುಗಿಸಿ ಇವತ್ತೇ ಮಗಳ ಜೊತೆ ಪೇಟೆಯಲ್ಲಿರಲು ಹೊರಡುವವಳು. ಅವಳ ಕಡಸುಗಳು ಸೋಮವಾರ ಮಾರಾಟಕ್ಕೆ. ಇನ್ನು ಬದುಕಲು ಅವಳಿಗೆ ಇದ್ದದ್ದು ಆ ದುಡ್ಡೇ.

*

ಹೂಳಿ ಬಂದವರು ಊರಿನ ಹಾಲ್‌ನಲ್ಲಿ ಟೀ ಕುಡಿಯುತ್ತಿದ್ದರು. ಐಲ್ಸಾ ಅಡುಗೆಕೋಣೆಯಲ್ಲಿ ಟೀ ಕಪ್‌ಗಳನ್ನು ತೊಳೆಯುತ್ತಿದ್ದಳು. ವಿಲ್ಫ್ ಡಬ್ಬಿ ತೆರೆದು ಮುಂದೆ ಹಿಡಿದ.

ಅವಳು ಬಗ್ಗಿ ನೋಡಿದಳು. "ಒಳ್ಳೇ ದಿನ ನೋಡ್ಕೊಂಡೇ ತಂದಿದೀಯ."

"ನೀನು ಬೇಡ ಅಂದ್ರೆ ಸೋಮವಾರ ಕಳೀಲಿ ಐಲ್ಸಾ. ನಾನು ಬಾಯಿ ಬಿಡಲ್ಲ."

"ಆ ಮನೇಲಿ ಒಬ್ಳೇ ಇರೋಕಾಗಲ್ಲ ಕಣೋ ನಂಗೆ," ಎಂದಳು. ವಿಲ್ಫ್‌ಗೆ ತನ್ನ ಮೇಲೇ ಅಸಹ್ಯವಾಯಿತು. ಡಬ್ಬಿ ಮುಚ್ಚಲು ಹೋದ.

ಅವಳು ಬಿಡಲಿಲ್ಲ. ಒದ್ದೆ ಕೈ ಒರೆಸಿಕೊಂಡು ಫೋನೆತ್ತಿದಳು. ಕ್ಲೆಮ್‌ನ ಹಳೇ ಆಫೀಸಿನ ನಂಬರು ಬಾಯಿಪಾಠವಿತ್ತು.

"ಐಲ್ಸಾ ಮಾತಾಡ್ತಿರೋದು. ಹೌದಪ್ಪಾ, ಮಣ್ಣಾಯ್ತು. ಬರ್ಕೋ, ಉಣುಗು ಸಿಕ್ಕಿದೆ. ಬೀಗ ಬೀಳೋ ಜಮೀನು, ವಿಲ್ಫ್‌ದು ಒಂದು. ಪಕ್ಕದ್ದು, ನಮ್ದು."

ಆಮೇಲೆ ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು. ಮಗಳ ಕಾರಿನ ಹಿಂಬದಿ ತೆರೆದು, ತನ್ನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎಳೆದು ಇಳಿಸಿ, ತನ್ನ ಮನೆ ದಾರಿಯಲ್ಲೇ ಹೋಗುವ ವಿಲ್ಫ್‌ನ ಸಗಣಿ ಮೆತ್ತಿದ ಪಿಕಪ್ಪಿನಲ್ಲಿಟ್ಟಳು.