ಜೈನಾಪುರದ ಉಲ್ಟಾ ಹುಡುಗಿ

ಜೈನಾಪುರದಲ್ಲಿ ಯಾರದಾದರೂ ಟೊಂಕ ಉಳುಕಿದರೆ ಮೇಘಾಳ ಮನೆಗೆ ಹೋಗಿ ಬೆನ್ನಿಗೆ ಒದೆಸಿಕೊಳ್ಳುತ್ತಾರೆ. ಆ ಹುಡುಗಿ ಉಲ್ಟಾ ಹುಟ್ಟಿದ್ದಾಳಂತೆ, ಅಂದರೆ ಕಾಲು ಮುಂದಾಗಿ. ಅಂಥವರು ಒದ್ದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಬಬಲೇಶ್ವರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ನನಗೆ ಇಂಥದ್ದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ಮೇಘಾ ನನ್ನ ಒಂಬತ್ತನೇ ತರಗತಿಯವಳು. ಕಳೆದ ಶ್ರಾವಣದಲ್ಲಿ ಒಂದು ದಿನ ನನ್ನ ಪೀರಿಯಡ್ಡಿನಲ್ಲೇ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಮುದುಡಿದಳು. ಮೈ ಸುಡುತ್ತಿತ್ತು. ತಂದೆ ತಾಯಿ ಸೊಲ್ಲಾಪುರಕ್ಕೆ ಹೋಗಿದ್ದರು, ಫೋನ್ ಮಾಡಿದ್ದಕ್ಕೆ ಅಜ್ಜಿ ಹನಮವ್ವ ಬಂದಳು. ಈ ಹನಮವ್ವ ಊರಲ್ಲಿ ಬಟ್ಟಿ ತಿಕ್ಕುವವಳು. ಹೊಕ್ಕುಳಿನ ಬಡಿತ ಜಾಗ ಬಿಟ್ಟು ಸರಿದು ಹೊಟ್ಟೆನೋವು ಬಂದರೆ ಬಟ್ಟಿ ಸರಿದಿದೆ ಎನ್ನುತ್ತಾರೆ, ಎಣ್ಣೆ ಹಚ್ಚಿ ತಿಕ್ಕಿ ಕೂರಿಸುತ್ತಾರೆ.

"ಆಯಿ, ಕೈ ಹಚ್ಚಬ್ಯಾಡ್ರಿ," ಎಂದು ಮೊದಲೇ ಗದರಿದೆ.

ಅವಳು ಒಂದೇ ಒಂದು ಬೆರಳನ್ನು ಮೊಮ್ಮಗಳ ಹೊಕ್ಕುಳಿನ ಮೇಲಿಟ್ಟು ತೆಗೆದಳು. "ಇದು ಬಟ್ಟಿ ಅಲ್ರಿ ಅಕ್ಕೋರ. ಬಡಿತ ಇದ್ದಲ್ಲೇ ಐತಿ. ಬಿಜಾಪುರಕ್ಕ ನಡೀರಿ."

ವಿಜಯಪುರದ ದವಾಖಾನೆಯಲ್ಲಿದ್ದವನು ಕುನಾಲ ಎಂಬ ಎಳೆಯ ಡಾಕ್ಟರ. ಹೊಟ್ಟೆಯ ಎಡಗಡೆ ಕೆಳಗೆ ಒತ್ತಿದಾಗ ಮೇಘಾ ಚೀರಿದಳು. "ಅಪೆಂಡಿಕ್ಸ್ ಇದ್ದರ ಬಲಕ್ಕ ನೋಯಬೇಕ್ರಿ ಮೇಡಂ. ಇದು ಮೂತ್ರದ ಹರಳ ಇರಬೇಕು," ಎಂದು ಇಂಜೆಕ್ಷನ್ ಬರೆದು, ಸ್ಕ್ಯಾನಿಂಗ್ ಸಂಜೆಗೆ ಎಂದ. ನಾನೂ ತಲೆಯಾಡಿಸಿದೆ. ಅಪೆಂಡಿಕ್ಸ್ ಬಲಕ್ಕೆ, ಯಕೃತ್ತು ಬಲಕ್ಕೆ, ಹೃದಯ ಎಡಕ್ಕೆ ಎಂದು ಸಾವಿರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳಲ್ಲವೇ ನಾನು.

"ಅಕಿ ಉಲ್ಟಾ ಅದಾಳ್ರಿ ಸಾಹೇಬ್ರ," ಎಂದಳು ಹನಮವ್ವ. ಡಾಕ್ಟರ ನಕ್ಕ. ಅವಳು ಮತ್ತೆ ಅದನ್ನೇ ಹೇಳಿದಳು. ನನಗೆ ತಡೆಯಲಾಗಲಿಲ್ಲ.

"ಕಾಲ ಮುಂದಾಗಿ ಹುಟ್ಟಿದ್ದಕ್ಕೂ ಈ ಬ್ಯಾನಿಗೂ ಏನ್ ಸಂಬಂಧ? ಸುಮ್ನ ಕುಂಡ್ರಿ."

"ಕಾಲ ಮುಂದಾಗಿ ಅಂತ ಯಾರ್ ಅಂದಾರ? ತಲಿ ಮುಂದಾಗೇ ಹುಟ್ಯಾಳ," ಎನ್ನುತ್ತ ಮುದುಕಿ ನನ್ನ ಕೈ ಎಳೆದು ಮೇಘಾಳ ಎದೆಯ ಬಲಗಡೆ ಒತ್ತಿ ಹಿಡಿದಳು.

ಅಲ್ಲಿ ಬಡಿಯುತ್ತಿತ್ತು. ಕೈ ತೆಗೆದು ಎಡಗಡೆ ಇಟ್ಟೆ, ಏನೂ ಸಿಗಲಿಲ್ಲ. ಮತ್ತೆ ಬಲಕ್ಕೆ ಇಟ್ಟೆ. ದಬ್ ದಬ್ ಎಂದು, ಒಳಗಿಂದ ಯಾರೋ ಬಾಗಿಲು ತಟ್ಟಿದ ಹಾಗೆ ಅಂಗೈಗೆ ಬಡಿಯಿತು. ನನ್ನ ಮೈಮೇಲಿನ ಕೂದಲೆಲ್ಲ ನಿಂತವು. ಯವ್ವಾ ಎಂದು ಡಾಕ್ಟರನನ್ನು ಹತ್ತಿರ ಕರೆದೆ.

ಕುನಾಲ ಸ್ಟೆತೊಸ್ಕೋಪ್ ಇಟ್ಟವನು ನಗುವುದನ್ನು ನಿಲ್ಲಿಸಿದ. ಹತ್ತು ನಿಮಿಷದಲ್ಲಿ ಸ್ಕ್ಯಾನಿಂಗ್ ಆಯಿತು. ಪರದೆಯ ಮೇಲೆ ಹೃದಯ ಬಲಕ್ಕೆ, ಯಕೃತ್ತು ಎಡಕ್ಕೆ, ಜಠರ ಬಲಕ್ಕೆ, ಎಲ್ಲವೂ ಕನ್ನಡಿಯಲ್ಲಿ ಕಂಡಂತೆ. ಒಂದಕ್ಕೊಂದು ಜಾಗ ಬಿಟ್ಟುಕೊಟ್ಟು, ಒಂದೂ ತಪ್ಪದೆ, ಹದಿನಾಲ್ಕು ವರ್ಷ ಸದ್ದಿಲ್ಲದೆ ಕೆಲಸ ಮಾಡಿಕೊಂಡು ಬಂದಿದ್ದವು. ಎಂಥ ಸೋಜಿಗವಪ್ಪ ಇದು ಎಂದು ನಾನು ನೋಡುತ್ತಲೇ ನಿಂತೆ. ಎಡಗಡೆ ಕೆಳಗೆ ಅಪೆಂಡಿಕ್ಸ್ ಬಾತು ನಿಂತಿತ್ತು.

"ಸಂಜೀತನಕ ಬಿಟ್ಟಿದ್ರ ಒಡದು ಹೊಟ್ಟಿ ತುಂಬ ಕೀವ ಆಗತಿತ್ರಿ," ಎಂದ ಕುನಾಲ. ಫೋನಿನಲ್ಲಿ ತಂದೆಯ ಒಪ್ಪಿಗೆ ಪಡೆದು, ಹಿರಿಯ ಸರ್ಜನ್ ಮೇಘಾಳನ್ನು ಆಪರೇಷನ್ನಿಗೆ ಒಯ್ದರು.

ಹೊರಗೆ ಹನಮವ್ವನ ಪಕ್ಕ ಕುಳಿತೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಯಾವಾಗ ಗೊತ್ತಾತ್ರಿ ಆಯಿ?"

"ಮೂರ ದಿನದ ಕೂಸಿಗೆ ಎಣ್ಣಿ ಹಚ್ಚಿ ಎರಿಯಾಕತ್ತಿದ್ನಿ, ಆವಾಗ. ಎಲ್ಲಾರಿಗೂ ಹೇಳೇನ್ರಿ ಅಕ್ಕೋರ, ಉಲ್ಟಾ ಅದಾಳ ಅಂತ. ಮಂದಿ ಬೆನ್ನ ಕೊಟ್ಟು ಒದಿಸಿಕೊಂಡ್ರು."

ಒಂದು ತಾಸಿನ ಮೇಲೆ ಕುನಾಲ ಹೊರಬಂದು ಹುಡುಗಿ ಉಳಿದಳು ಎಂದ. ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು, "ಹಿಂಗ ಇರೂದು ರೋಗ ಏನ್ರಿ?" ಎಂದು ಕೇಳಿದಳು.

"ಅಲ್ಲ ಆಯಿ. ಎಲ್ಲಾರಂಗ ಬದಕ್ತಾಳ. ಆದ್ರ ನೋಡೂ ಡಾಕ್ಟರಗ ಮೊದಲ ಗೊತ್ತಿರಬೇಕು," ಎಂದ ಅವನು.

ಹನಮವ್ವ ನನ್ನ ಕಡೆ ತಿರುಗಿದಳು. "ಅಕ್ಕೋರ, ಒಂದ ಚೀಟ್ಯಾಗ ಬರದ ಕೊಡ್ರಿ, ಗುಂಡಿಗಿ ಬಲಕ್ಕೈತಿ ಅಂತ. ತಾಯಿತದಾಗ ಹಾಕಿ ಅಕಿ ಕೊರಳಾಗ ಕಟ್ಟತೇನಿ. ನಾ ಇರೂತನಕ ನಾ ಹೇಳತೇನಿ. ಆಮ್ಯಾಲ ಯಾರ ಹೇಳವ್ರು?"

ಮಕ್ಕಳ ಕೊರಳಲ್ಲಿ ತಾಯಿತ ಕಂಡರೆ ಬೈಯುವವಳು ನಾನು. ಪರ್ಸಿನಿಂದ ಪೆನ್ನು ತೆಗೆದು, ಯಾರೂ ತಪ್ಪು ತಿಳಿಯದ ಹಾಗೆ, ದುಂಡಗೆ ಬರೆದುಕೊಟ್ಟೆ.